ಕರೆಂಟ್ ಹೋದ ರಾತ್ರಿಗೆ ಒದಗುವ ಫಿಲ್ಟರ್

ನಮಸ್ಕಾರ. ಮನೆಯಲ್ಲಿ ಪುಟ್ಟದೊಂದು ಉಪ್ಪುನೀರಿನ ಅಕ್ವೇರಿಯಂ ಇಡಬೇಕೆನ್ನುವವರು ಮೊದಲು ಕೇಳುವುದು ದೀಪದ ಬಗ್ಗೆ. ಎಷ್ಟು ವ್ಯಾಟಿನದು, ನೀಲಿಯೋ ಬಿಳಿಯೋ ಎಂದು. ನಾನು ತಿರುಗಿ ಕೇಳುವುದು ಇಷ್ಟೇ: ಆಷಾಢದ ಮಳೆಯಲ್ಲಿ ನಿಮ್ಮೂರಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗ? ಶಿವಮೊಗ್ಗ ಪೇಟೆಯವರು ಗಂಟೆಯ ಲೆಕ್ಕ ಹೇಳುತ್ತಾರೆ. ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಲ್ಲಿ ಮರ ಬಿದ್ದು ತಂತಿ ಹರಿದರೆ ದಿನದ ಲೆಕ್ಕ. ಮಲೆನಾಡಿನಲ್ಲಿ ಆ ಕತ್ತಲ ಹೊತ್ತನ್ನು ಎದುರಿಗಿಟ್ಟುಕೊಂಡೇ ಫಿಲ್ಟರ್ ಆಯ್ದುಕೊಳ್ಳಬೇಕು. ದೀಪದ ಮಾತು ಆಮೇಲೆ.

ನನ್ನ ಮೊದಲ ತೊಟ್ಟಿ 60 ಲೀಟರಿನದು. ಅಂಗಡಿಯವರು ಹೇಳಿದರೆಂದು ಕ್ಯಾನಿಸ್ಟರ್ ಫಿಲ್ಟರ್ ತಂದಿದ್ದೆ. ತೊಟ್ಟಿಯ ಕೆಳಗೆ ಕೂರುವ, ಬಿಗಿಯಾಗಿ ಮುಚ್ಚಿದ ಡಬ್ಬಿ ಅದು. ಜುಲೈ ತಿಂಗಳ ಒಂದು ರಾತ್ರಿ ಹತ್ತಕ್ಕೆ ಹೋದ ಕರೆಂಟ್ ಬೆಳಿಗ್ಗೆ ಏಳಕ್ಕೆ ಬಂತು. ಪಂಪು ತಾನಾಗಿ ಶುರುವಾಯಿತು, ಕೊಳವೆಯಿಂದ ಬೂದುಬಣ್ಣದ ನೀರು ಬುಳಬುಳನೆ ತೊಟ್ಟಿಗೆ ಇಳಿಯಿತು. ಕೋಣೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಎರಡು ಕ್ಲೌನ್ ಮೀನುಗಳೂ ಮೇಲೆ ಬಂದು, ಬಾಯಿ ತೆರೆದು, ಕಿವಿರು ಪಟಪಟ ಬಡಿಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಒಂದು ಸತ್ತಿತು.

ಆಗಿದ್ದೇನೆಂದರೆ, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಮಾಡಿ, ಅಲ್ಲಿಂದ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಬ್ಯಾಕ್ಟೀರಿಯಾ. ಫಿಲ್ಟರ್ ಎಂದು ನಾವು ಕರೆಯುವುದು ಅವುಗಳ ಮನೆಯನ್ನು. ಅವಕ್ಕೂ ಉಸಿರು ಬೇಕು. ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿದು ಅವು ಸಾಯುತ್ತವೆ, ಡಬ್ಬಿಯೊಳಗಿನದೆಲ್ಲ ಕೊಳೆಯುತ್ತದೆ. ಅದರ ಮೇಲೆ, ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕವೇ ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ.

ಹಾಗಾಗಿ ನನ್ನ ಸಲಹೆ: ಬ್ಯಾಕ್ಟೀರಿಯಾಗಳನ್ನು ತೊಟ್ಟಿಯೊಳಗೇ ಸಾಕಿ. ರಂಧ್ರಗಳಿರುವ ಒಣ ಕಲ್ಲು ಅಥವಾ ಅಕ್ವೇರಿಯಂಗೆಂದೇ ಮಾಡಿದ ಸೆರಾಮಿಕ್ ಕಲ್ಲನ್ನು ಸಡಿಲವಾಗಿ ಜೋಡಿಸಿ, ನೀರು ಸಂದುಗಳಲ್ಲಿ ಓಡಾಡುವಂತೆ. ಜೊತೆಗೆ ಗಾಜಿನ ಅಂಚಿಗೆ ತೂಗುಹಾಕುವ ಹ್ಯಾಂಗ್ ಆನ್ ಫಿಲ್ಟರ್. ಅದರ ಬಾಯಿ ತೆರೆದಿರುತ್ತದೆ, ತೊಳೆಯುವುದೂ ಸುಲಭ. ಮೀನು ಬಿಡುವ ಮೊದಲು ನಾಲ್ಕರಿಂದ ಆರು ವಾರ ಕಾಯಿರಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಪರೀಕ್ಷೆಯಲ್ಲಿ ಸೊನ್ನೆ ತೋರಿಸಲಿ. ಪ್ರೋಟೀನ್ ಸ್ಕಿಮ್ಮರ್ ಒಳ್ಳೆಯ ಯಂತ್ರ. ಸಣ್ಣ ಗುಳ್ಳೆಗಳಿಗೆ ಹೊಲಸನ್ನು ಅಂಟಿಸಿ, ನೊರೆಯಾಗಿ ಮೇಲೆತ್ತಿ, ಕೊಳೆಯುವ ಮೊದಲೇ ಹೊರಹಾಕುತ್ತದೆ. ಆದರೆ 60 ಲೀಟರಿನಲ್ಲಿ ಎರಡು ಸಣ್ಣ ಮೀನಿಗೆ ವಾರಕ್ಕೊಮ್ಮೆ ಆರೇಳು ಲೀಟರ್ ನೀರು ಬದಲಿಸಿದರೆ ಸಾಕು. ಆ ದುಡ್ಡನ್ನು, ಕರೆಂಟ್ ಇಲ್ಲದಾಗಲೂ ನೀರಿಗೆ ಗಾಳಿಯೂದುವ ಬ್ಯಾಟರಿಯ ಏರ್ ಪಂಪಿಗೆ ಇಡಿ.

ನೀರನ್ನು ಮುರುಡೇಶ್ವರದಿಂದ ಕ್ಯಾನಿನಲ್ಲಿ ತರಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಮಳೆಗಾಲದಲ್ಲಿ ನಮ್ಮ ಶರಾವತಿಯೇ ಹೊನ್ನಾವರದಲ್ಲಿ ಕಡಲಿಗೆ ಬೀಳುತ್ತಾಳೆ. ದಡದ ನೀರಿನ ಉಪ್ಪು ಆಗ ಇಳಿದಿರುತ್ತದೆ, ಕೆಸರೂ ಇರುತ್ತದೆ. ಆರ್‌ಒ ನೀರಿಗೆ ಉಪ್ಪುನೀರಿನ ಅಕ್ವೇರಿಯಂಗೆಂದೇ ಮಾಡಿದ ಉಪ್ಪನ್ನು ಲೀಟರಿಗೆ 35ರಿಂದ 38 ಗ್ರಾಂ ಬೆರೆಸಿ, ಅಳೆದು ನೋಡಿ, ಸಿಹಿನೀರಿನದು 1 ಎಂದಿಟ್ಟುಕೊಂಡರೆ ಇದರ ಸಾಂದ್ರತೆ 1.025ರ ಹತ್ತಿರ ನಿಲ್ಲಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಆವಿಯಾಗಿ ಕಡಿಮೆಯಾದಷ್ಟನ್ನು ಉಪ್ಪು ಹಾಕದ ನೀರಿನಿಂದಲೇ ತುಂಬಿ.

ಇನ್ನು ದೀಪ. ಪ್ರಬಲವಾದ ನೀಲಿ ದೀಪ ಬೇಕಾಗಿರುವುದು ಹವಳಕ್ಕೆ. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಆ ಬೆಳಕಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತದೆ. ಆದರೆ ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಭದ್ರಾ ಕಾಡಿನ ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ಕಡಲಿನಿಂದ ಕಿತ್ತು ತಂದ ಹವಳವನ್ನು ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. ಕ್ಲೌನ್ ಮೀನು ತೊಟ್ಟಿಯಲ್ಲೇ ಮರಿಮಾಡುತ್ತದೆ. ಹಾಗೆ ಹುಟ್ಟಿದ ಮರಿಗಳನ್ನೇ ಕೇಳಿ ತನ್ನಿ.

ಬರಿಯ ಮೀನಿಗೆ ಸಾಧಾರಣ ಎಲ್ಇಡಿ ಧಾರಾಳವಾಯಿತು. ಹೆಚ್ಚು ಬೆಳಕು ಕೊಟ್ಟರೆ ಬೆಳೆಯುವುದು ಗಾಜಿಗೆ ಮೆತ್ತುವ ಪಾಚಿ. ಮಳೆಗಾಲದಲ್ಲಿ ಹಗಲಿಡೀ ಮಬ್ಬೆಂದು ದೀಪ ಉರಿಸಿಬಿಡುವುದು ನಮ್ಮ ಅಭ್ಯಾಸ. ಟೈಮರ್ ಹಾಕಿ, ಏಳೆಂಟು ಗಂಟೆ ಸಾಕು.

ಕರೆಂಟ್ ಹೋದಾಗ ಊಟ ಹಾಕಬೇಡಿ. ತೊಟ್ಟಿಯ ಪಕ್ಕಗಳಿಗೆ ಕಂಬಳಿ ಸುತ್ತಿ, ಮೇಲ್ಭಾಗ ತೆರೆದಿರಲಿ. ಬ್ಯಾಟರಿ ಪಂಪು ಕೈಕೊಟ್ಟರೆ ಶುಭ್ರವಾದ ಪ್ಲಾಸ್ಟಿಕ್ ಚೊಂಬಿನಲ್ಲಿ ನೀರು ಮೊಗೆದು, ಗೇಣೆತ್ತರದಿಂದ ಮತ್ತೆ ಸುರಿಯಿರಿ. ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ. ಉಳಿದ ಆ ಒಂದು ಮೀನನ್ನು ಮುಂದಿನ ವರ್ಷದ ಮಳೆಗಾಲ ನಾನು ದಾಟಿಸಿದ್ದು ಹೀಗೆಯೇ. ಈಗಾಗಲೇ ತೊಟ್ಟಿ ಇಟ್ಟವರು ಮೇ ತಿಂಗಳಲ್ಲೇ ಒಂದು ಭಾನುವಾರ ತೊಟ್ಟಿಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಎರಡು ಗಂಟೆ ಅದರ ಮುಂದೆ ಕುಳಿತು ಮೀನಿನ ಕಿವಿರನ್ನೇ ಗಮನಿಸಿ.