ಎರಡು ಪರ್ಸೆಂಟ್ ಕೊಟ್ಟ ಮೇಲೆ

ಸಭೆಗೆ ನಮಸ್ಕಾರ. ಮಾರ್ಚ್ ತಿಂಗಳಲ್ಲಿ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜಕ್ಕಾಗಿ ಮಾಡಬೇಕಾದ ಖರ್ಚಿನ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಹಣಕಾಸು ವಿಭಾಗದವರು ಇಷ್ಟು ಜನ ಬಂದು ಕೂತಿದ್ದೀರಿ ಅಂದರೆ, ಖರ್ಚಾಗದ ದುಡ್ಡು ಇನ್ನೂ ಉಳಿದಿದೆ ಅಂತಲೇ ಲೆಕ್ಕ.

ಕಾನೂನು ನಿಮಗೆ ಗೊತ್ತಿರುವುದೇ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, 2014ರ ಏಪ್ರಿಲ್ 1ರಿಂದ ಜಾರಿ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ. ಹಿಂದಿನ ವರ್ಷ ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದರೂ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2 ತೆಗೆದಿಡಬೇಕು. ತೆರಿಗೆಗೆ ಮುಂಚಿನ ಲಾಭ, 198ನೇ ಸೆಕ್ಷನ್ ಪ್ರಕಾರ. 40, 50, 60 ಕೋಟಿ ಬಂದಿದ್ದರೆ ಸರಾಸರಿ 50, ನಿಮ್ಮ ಪಾಲು ಒಂದು ಕೋಟಿ. ಇಷ್ಟು ಹೇಳಲು ಉಪನ್ಯಾಸ ಬೇಕಿಲ್ಲ. ನನ್ನ ತಕರಾರಿರುವುದು ಲಾಭದ ಉಳಿದ 98 ಪರ್ಸೆಂಟ್ ಬಗ್ಗೆ, ಅದನ್ನು ಗಳಿಸುವ ರೀತಿಯ ಬಗ್ಗೆ. ಅದಕ್ಕೆ ಮೊದಲು ಒಂದು ನೀರಿನ ಘಟಕ ನೋಡಿಬಿಡೋಣ.

ಪಾವಗಡ, ಮುಂಡರಗಿ ಕಡೆಯ ಫ್ಲೋರೈಡ್ ಊರುಗಳನ್ನು ನೆನೆಸಿಕೊಳ್ಳಿ. ಗಂಟೆಗೆ ಸಾವಿರ ಲೀಟರ್ ನೀರು ಶುದ್ಧ ಮಾಡುವ ಆರ್‌ಒ ಘಟಕ. ರಿಬ್ಬನ್ ಕಟ್ಟಾಯಿತು, ಫೋಟೊ ಆಯಿತು, ನಲ್ಲಿಗಿಂತ ನಾಮಫಲಕವೇ ದೊಡ್ಡದು. ಒಳಗೆ ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, 5 ಮೈಕ್ರಾನ್ ಕಾರ್ಟ್ರಿಜ್, ಹೈ ಪ್ರೆಶರ್ ಪಂಪು, ಉಪ್ಪು, ಫ್ಲೋರೈಡ್ ತಡೆಯುವ ನಾಲ್ಕಿಂಚಿನ ನಾಲ್ಕು ಮೆಂಬ್ರೇನ್. ಪಕ್ಕದಲ್ಲಿ ಸಣ್ಣದೊಂದು ಡೋಸಿಂಗ್ ಪಂಪು, ಅದಕ್ಕೊಂದು ಡಬ್ಬ. ಘಟಕದ ಪ್ರಾಣ ಇರುವುದು ಆ ಡಬ್ಬದಲ್ಲಿ. ಅದರೊಳಗಿನ ಆಂಟಿಸ್ಕೇಲಂಟ್ ಅನ್ನೋ ಕೆಮಿಕಲ್ ಸುಣ್ಣದಂಶ ಮೆಂಬ್ರೇನಿಗೆ ಕಚ್ಚದಂತೆ ತಡೆಯುತ್ತದೆ. ಅದು ಖಾಲಿಯಾದ ದಿನ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ನೀರು ಬರುತ್ತಲೇ ಇರುತ್ತದೆ. ಕೆಲವು ವಾರ ಕಳೆದ ಮೇಲೆ ಧಾರೆ ಸಣ್ಣಗಾಗುತ್ತದೆ. ಕ್ಯೂ ಉದ್ದವಾಗುತ್ತದೆ, ಜನ ಬೈಯುತ್ತಾರೆ. ಆಪರೇಟರ್ ಹುಡುಗ ಏನು ಮಾಡುತ್ತಾನೆ? ಉಪ್ಪಿನ ನೀರು ಹೊರಗೆ ಹೋಗುವ ರಿಜೆಕ್ಟ್ ವಾಲ್ವನ್ನು ಒಂದು ಸುತ್ತು ಬಿಗಿ ಮಾಡುತ್ತಾನೆ. ಒಳ್ಳೆ ನೀರು ಜಾಸ್ತಿ ಬರುತ್ತದೆ, ಎಲ್ಲರಿಗೂ ಖುಷಿ. ಆದರೆ ಹೊರಗೆ ಹೋಗಬೇಕಾದ ಉಪ್ಪು ಒಳಗೇ ಗಟ್ಟಿಯಾಗುತ್ತದೆ. ಎರಡು ಮೂರು ವರ್ಷ ಬಾಳಬೇಕಾದ ಮೆಂಬ್ರೇನ್ ಒಂದು ವರ್ಷವೂ ತಡೆಯುವುದಿಲ್ಲ. ಆಮೇಲೆ ಬಾಗಿಲಿಗೆ ಬೀಗ. ಬೈಗುಳ ಪಂಚಾಯಿತಿಗೆ, ಫಲಕದಲ್ಲಿ ಹೆಸರು ಮಾತ್ರ ನಿಮ್ಮದು!

ಇದು ಆ ಹುಡುಗನ ತಪ್ಪಲ್ಲ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಹಿಡಿದು ದಿನಾ ಬೆಳಿಗ್ಗೆ ಒಂದು ಪುಸ್ತಕದಲ್ಲಿ ಬರೆಯಪ್ಪ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. 20 ಲೀಟರ್ ಕ್ಯಾನಿಗೆ 5 ರೂಪಾಯಿ, ದಿನಕ್ಕೆ 150 ಕ್ಯಾನ್ ಅಂದುಕೊಂಡರೂ ತಿಂಗಳಿಗೆ 22,500. ಅದರಲ್ಲೇ ಅವನ ಸಂಬಳ, ಕರೆಂಟು, ಕಾರ್ಟ್ರಿಜ್, ಕೆಮಿಕಲ್ ಎಲ್ಲವೂ ಆಗಬೇಕು. ಮೆಂಬ್ರೇನಿಗೆ ಏನು ಉಳಿಯುತ್ತದೆ? ಇನ್ನು ರಿಜೆಕ್ಟ್ ನೀರು. ಅರ್ಧಕ್ಕರ್ಧ ಅಂದರೂ ಒಂದು ಲೀಟರ್ ಕುಡಿಯುವ ನೀರಿಗೆ ಒಂದು ಲೀಟರ್ ಚರಂಡಿಗೆ, ಅದರಲ್ಲಿ ಫ್ಲೋರೈಡ್ ಹೆಚ್ಚೂ ಕಡಿಮೆ ದುಪ್ಪಟ್ಟು. ಅದು ಬೋರ್‌ವೆಲ್ ಪಕ್ಕದಲ್ಲೇ ಇಂಗಿದರೆ ನಾವು ಮಾಡಿದ್ದೇನು?

"ಸರ್, ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕಲ್ಲ" ಅಂತೀರಿ. ಬೇಕಾಗಿಲ್ಲ. ಬೋರ್ಡು ಇದನ್ನು ಮೊದಲೇ ಬಹುವರ್ಷದ, ಚಾಲ್ತಿಯಲ್ಲಿರುವ ಯೋಜನೆ ಅಂತ ಮಂಜೂರು ಮಾಡಿದ್ದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಅವಕಾಶವಿದೆ. ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಶೆಡ್ಯೂಲ್ಡ್ ಬ್ಯಾಂಕಿನ ಪ್ರತ್ಯೇಕ 'ಅನ್‌ಸ್ಪೆಂಟ್' ಖಾತೆಗೆ ಹಾಕಿ, ಮೂರು ವರ್ಷದಲ್ಲಿ ಖರ್ಚು ಮಾಡಿ. ಅಂಥ ಯೋಜನೆಯೇ ಇಲ್ಲದಿದ್ದರೆ ಮಾತ್ರ ವರ್ಷ ಮುಗಿದ ಆರು ತಿಂಗಳೊಳಗೆ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಹೆಸರಿಸಿದ ನಿಧಿಗೆ ಕಟ್ಟಬೇಕು. ತಪ್ಪಿದರೆ, ಕಟ್ಟಬೇಕಿದ್ದ ಮೊತ್ತದ ಎರಡರಷ್ಟು ಅಥವಾ ಒಂದು ಕೋಟಿ, ಯಾವುದು ಕಡಿಮೆಯೋ ಅಷ್ಟು ದಂಡ. ಮೆಂಬ್ರೇನ್, ಆಪರೇಟರ್ ಸಂಬಳ, ವರ್ಷಕ್ಕೆರಡು ಸಲ ನೀರಿನ ಪರೀಕ್ಷೆ, ಇವನ್ನೆಲ್ಲ ಮೊದಲ ದಿನದ ಬಜೆಟ್ಟಿನಲ್ಲೇ ಬರೆಯಬಹುದಿತ್ತು. ಮಾರ್ಚ್ 30ಕ್ಕೆ ಯೋಜನೆ ನಡೆಸುವ ಸಂಸ್ಥೆಗೆ ಚೆಕ್ ಕೊಟ್ಟು ಕೈತೊಳೆದುಕೊಂಡರೂ ನಡೆಯುವುದಿಲ್ಲ. ಮಂಜೂರಾದ ರೀತಿಯಲ್ಲೇ ಹಣ ಬಳಕೆಯಾಗಿದೆ ಅಂತ ಸಿಎಫ್‌ಒ, ಅಂದರೆ ಕಂಪನಿಯ ಹಣಕಾಸು ಮುಖ್ಯಸ್ಥರು, ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಸಿಎಸ್‌ಆರ್ ಕೆಲಸ ಮಾಡಲು ಬೇಕಾದ ಸಿಎಸ್‌ಆರ್-1 ನೋಂದಣಿ ಆ ಸಂಸ್ಥೆಗೆ ಇದೆಯೋ ಇಲ್ಲವೋ ನೋಡಿಕೊಳ್ಳಿ.

ಈಗ ಉಳಿದ 98 ಪರ್ಸೆಂಟ್. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಹಾಗೆ. ಪೀಣ್ಯದಲ್ಲಿ ಎಂಟು ಜನ ಇಟ್ಟುಕೊಂಡು ನಿಮಗೆ ಬಿಡಿಭಾಗ ಮಾಡಿಕೊಡುವವನ ಬಿಲ್ಲು ಎಷ್ಟು ದಿನಕ್ಕೆ ಪಾಸಾಗುತ್ತದೆ? ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಹೇಳುವುದು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ಮೀರಬಾರದು ಅಂತ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ಹೋಗುತ್ತದೆ ಅಂತ ಅವನು ಬಾಯಿ ಬಿಡುವುದಿಲ್ಲ. ಗಡುವು ಮೀರಿದ ಬಿಲ್ಲನ್ನು ಹಣ ಕೊಡುವವರೆಗೂ ಖರ್ಚು ಅಂತ ತೋರಿಸಲು ಬಿಡದ 43ಬಿ(ಎಚ್) 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿದ ಮೇಲೆ ಸ್ವಲ್ಪ ಬಿಸಿ ತಟ್ಟಿದೆ. ಆದರೆ ಜಿಆರ್‌ಎನ್, ಅಂದರೆ ಸರಕು ಬಂತು ಅನ್ನೋ ರಸೀದಿ, ಹಾಕುವುದನ್ನೇ ತಡಮಾಡಿ ದಿನದ ಎಣಿಕೆಯನ್ನು ಮುಂದೂಡುವ ಜಾಣತನ ಇಲ್ಲಿ ಕೂತಿರುವ ಕೆಲವರಿಗೆ ಗೊತ್ತು. ಮುಖ ನೋಡಿ ಹೇಳುತ್ತಿಲ್ಲ. ಅವನಿಗೆ ಕೊಡದೆ ಉಳಿಸಿಕೊಂಡ ಆ ಸಾಲದ ಮೇಲೆ ನಿಂತ ಲಾಭದಿಂದ ಎರಡು ಪರ್ಸೆಂಟ್ ತೆಗೆದು ಅವನದೇ ಮಕ್ಕಳ ಶಾಲೆಗೆ ಬೆಂಚು ಕೊಡುತ್ತೀರಿ.

ಗುತ್ತಿಗೆ ಕೆಲಸಗಾರರ ಪಿಎಫ್ ಕೂಡ ಇದೇ 98ರ ಬಾಬತ್ತು. ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ. ಹೊಗೆ, ಕೊಳಚೆ ನೀರು ಶುದ್ಧ ಮಾಡುವುದೂ ಅಷ್ಟೆ. ಕಾನೂನು ಮಾಡಲೇಬೇಕು ಅಂದಿರುವ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಬರೆಯುವಂತಿಲ್ಲ, ನಿಯಮದಲ್ಲೇ ಇದೆ.

ಚೀಟಿ ಬಂತು, ಐದು ನಿಮಿಷವಂತೆ. ಬೇಗ ಹೇಳುತ್ತೇನೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಅಂತ ಕಾನೂನು ಹೇಳಿದೆ, ಆದರೆ ಆಫೀಸಿನಿಂದ ಮಧ್ಯಾಹ್ನ ಹೋಗಿ ಸಂಜೆ ಬರುವಷ್ಟು ದೂರ ಮಾತ್ರ ಸ್ಥಳೀಯ ಅಂತ ಎಲ್ಲೂ ಹೇಳಿಲ್ಲ. ರಾಯಚೂರು, ಯಾದಗಿರಿಯನ್ನೂ ನೋಡಿ. ಪರಿಣಾಮ ಮೌಲ್ಯಮಾಪನ, ಮೂರು ವರ್ಷದ ಸರಾಸರಿಯಲ್ಲಿ 10 ಕೋಟಿ ಅಥವಾ ಹೆಚ್ಚು ಸಿಎಸ್‌ಆರ್ ಬಾಧ್ಯತೆ ಇರುವವರಿಗೆ, ಒಂದು ಕೋಟಿ ಅಥವಾ ಮೇಲಿನ ಯೋಜನೆಗಳಿಗೆ ಕಡ್ಡಾಯ. ಸಣ್ಣವರು ದುಡ್ಡು ಕೊಟ್ಟು ಮಾಡಿಸಬೇಕಿಲ್ಲ, ವರ್ಷದ ನಂತರ ಹೇಳದೆ ಕೇಳದೆ ಹೋಗಿ ನಲ್ಲಿ ತಿರುಗಿಸಿ ನೋಡಿದರೂ ಸಾಕು. ಉದ್ಯೋಗಿಗಳ ಸ್ವಯಂಸೇವೆ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಬಿಡೋಣ.

ಮುಂದಿನ ಬೋರ್ಡ್ ಮೀಟಿಂಗಿನ ಸಿಎಸ್‌ಆರ್ ಟಿಪ್ಪಣಿಯ ಜೊತೆಗೆ ಒಂದೇ ಒಂದು ಹಾಳೆ ಲಗತ್ತಿಸಿ: 45 ದಿನ ದಾಟಿದ ಸಣ್ಣ ಉದ್ದಿಮೆಗಳ ಬಿಲ್ಲುಗಳ ಪಟ್ಟಿ. ಪ್ರಶ್ನೆಗಳಿದ್ದರೆ ಕೇಳಿ, ಹಿಂದಿನ ಸಾಲಿನವರಿಗೆ ಮೈಕ್ ಕೊಡಿ.