ಲ್ಯಾಬಿನಲ್ಲಿ ಸಾಯುವ ಕಾಯಿಕೊರಕ ಟೊಮೆಟೊ ತೋಟದಲ್ಲಿ ಯಾಕೆ ಬದುಕುತ್ತದೆ?

ನಮಸ್ಕಾರ. ಮೊನ್ನೆ ಮುಳಬಾಗಿಲು ಕಡೆ ಒಂದು ಟೊಮೆಟೊ ತೋಟಕ್ಕೆ ಹೋಗಿದ್ದೆ. ರೈತರು ಒಂದು ಕಾಯಿ ಕಿತ್ತು ನನ್ನ ಕೈಗಿಟ್ಟರು. ದುಂಡಗೆ ತೂತು. ಹುಳದ ತಲೆ ಒಳಗೆ, ಹಿಂಭಾಗ ಹೊರಗೆ. "ಎನ್‌ಪಿವಿ ಹೊಡೆದು ಎಂಟು ದಿನ ಆಯ್ತು ಸರ್. ಲ್ಯಾಬಲ್ಲಿ ಎಲ್ಲಾ ಸತ್ತೋದ್ವಂತೆ, ನಮ್ಮ ತೋಟದ ಹುಳ ಯಾಕೆ ಸಾಯ್ತಿಲ್ಲ?" ಅಂದರು.

ಎನ್‌ಪಿವಿ ಅಂದರೆ ಹುಳಕ್ಕೆ ರೋಗ ತರುವ ವೈರಸ್. ಶಿಡ್ಲಘಟ್ಟದವರಿಗೆ ಬಿಡಿಸಿ ಹೇಳಬೇಕಿಲ್ಲ, ರೇಷ್ಮೆ ಹುಳದ ಹಾಲುತೊಂಡೆ ರೋಗವೂ ಇದೇ ಗುಂಪಿನದು. ಹೆದರಬೇಡಿ, ಕಾಯಿಕೊರಕದ ವೈರಸ್ ರೇಷ್ಮೆ ಹುಳಕ್ಕೆ ತಗಲುವುದಿಲ್ಲ. ವೈರಸ್ ಒಂದು ಪ್ರೋಟೀನ್ ಹರಳಿನೊಳಗೆ ಕೂತಿರುತ್ತದೆ. ಹುಳ ಅದನ್ನು ತಿನ್ನಬೇಕು, ಹೊಟ್ಟೆಯ ಕ್ಷಾರದಲ್ಲಿ ಹರಳು ಕರಗಬೇಕು. ಆಮೇಲೇ ರೋಗ. ಕೊನೆಗೆ ಹುಳ ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ನೇತಾಡಿ ಸಾಯುತ್ತದೆ.

ಈಗ ಅಡುಗೆಮನೆಗೆ ಬನ್ನಿ.

(ದೃಶ್ಯ: ಈಳಿಗೆಮಣೆ, ಹೆಚ್ಚಿದ ಬದನೆಕಾಯಿ)

ನೋಡ್ತಾ ಇರಿ. ಈಗ ಬೆಳ್ಳಗಿದೆ. ಸ್ವಲ್ಪ ಹೊತ್ತಿಗೆ ಅಂಚು ಕಂದು, ಆಮೇಲೆ ಬೀಜದ ಸುತ್ತ ಕಂದು. ಬದನೆಯಲ್ಲಿ ಕ್ಲೋರೋಜೆನಿಕ್ ಆಮ್ಲ ಅಂತ ಒಂದಿದೆ. ಅದನ್ನು ಬದಲಾಯಿಸುವ ಕಿಣ್ವವೂ ಅಲ್ಲೇ ಇದೆ, ಆದರೆ ಬೇರೆ ಬೇರೆ ಕೋಣೆಯಲ್ಲಿ. ಹೆಚ್ಚಿದಾಗ ಗೋಡೆ ಒಡೆಯುತ್ತದೆ, ಎರಡೂ ಸೇರಿ ಕ್ವಿನೋನ್ ಆಗುತ್ತದೆ. ಅದೇ ಈ ಕಂದು. ಟೊಮೆಟೊ ಎಲೆಯಲ್ಲೂ ಇದೇ ಜೋಡಿ ಇದೆ! ಇಲ್ಲಿ ಈಳಿಗೆಮಣೆ ಕೆಲಸ ಮಾಡುವುದು ಹುಳದ ಹಲ್ಲು. 1990ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಫೆಲ್ಟನ್ ಮತ್ತು ಡಫಿ ಇದನ್ನು ತೋರಿಸಿದರು: ಕ್ವಿನೋನ್ ಹೋಗಿ ವೈರಸ್ ಹರಳಿಗೆ ಅಂಟಿಕೊಳ್ಳುತ್ತದೆ, ರೋಗ ತರುವ ಶಕ್ತಿ ಕುಗ್ಗುತ್ತದೆ. ಗಿಡ ಹುಳದಿಂದ ತಪ್ಪಿಸಿಕೊಳ್ಳಲು ಇಟ್ಟುಕೊಂಡ ಅಸ್ತ್ರ, ಹುಳವನ್ನೇ ಕಾಪಾಡುತ್ತಿದೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಲ್ಯಾಬಿನ ಹುಳಕ್ಕೆ ಏನು ಊಟ? ಕಡಲೆ ಹಿಟ್ಟು, ಯೀಸ್ಟ್, ವಿಟಮಿನ್, ಜೊತೆಗೆ ಅಗರ್. ಬೇಯಿಸಿ ಬರ್ಫಿ ಹಾಗೆ ಹೆಪ್ಪುಗಟ್ಟಿಸಿ, ಒಂದೊಂದು ಡಬ್ಬಿಗೆ ಒಂದೇ ಹುಳ ಬಿಡುತ್ತಾರೆ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿಂದುಬಿಡುತ್ತವೆ. ಬೇಯಿಸಿದಾಗ ಕಿಣ್ವ ಸತ್ತುಹೋಗುತ್ತದೆ. ಮೇಲಿಂದ ವಿಟಮಿನ್ ಸಿ ಬೇರೆ ಸೇರಿಸುತ್ತಾರೆ. ಬದನೆ ಹೋಳಿಗೆ ನಿಂಬೆರಸ ಹಿಂಡಿದರೆ ಕಪ್ಪಾಗುವುದು ತಡವಾಗುತ್ತದೆ ಅಲ್ವಾ, ಅದೇ ಲೆಕ್ಕ. ವೈರಸ್‌ಗೆ ಅಡ್ಡಿಯೇ ಇಲ್ಲ.

ಟೈಮ್ ಆಯ್ತು, ಉಳಿದದ್ದು ಬೇಗ ಹೇಳುತ್ತೇನೆ. ಕಡಲೆ ಹಿಟ್ಟಿನಲ್ಲಿ ಚೆನ್ನಾಗಿ ತಗಲುವ ವೈರಸ್‌ಗೆ ಕಡಲೆ ಗಿಡದ ಎಲೆಯೇ ಅಡ್ಡಿ. ಪ್ರೋಟೀನ್ ಜಾಸ್ತಿ ತಿಂದ ಹುಳ ರೋಗ ತಡೆದುಕೊಳ್ಳುತ್ತದೆ ಅಂತ 2006ರಲ್ಲಿ ಹತ್ತಿಯ ಎಲೆ ತಿನ್ನುವ ಹುಳದಲ್ಲಿ ಕಂಡಿದ್ದಾರೆ. ಬೂಷ್ಟು ಹಿಡಿಯದಿರಲಿ ಅಂತ ಊಟಕ್ಕೆ ಫಾರ್ಮಲಿನ್ ಹಾಕಿದರೆ ವೈರಸ್ಸೇ ಹಾಳು. ಅದಕ್ಕೇ ವೈರಸ್ ಬೆಳೆಸುವ ಲ್ಯಾಬುಗಳು ಅದನ್ನು ಬಿಡುತ್ತವೆ.

ಹಾಗಾಗಿ ಎನ್‌ಪಿವಿ ಕೊಳ್ಳುವಾಗ ಒಂದು ಮಾತು ಕೇಳಿ: ಪರೀಕ್ಷೆ ಮಾಡಿದ್ದು ಎಲೆ ಮೇಲಾ, ಲ್ಯಾಬ್ ಊಟದ ಮೇಲಾ? ಹೊಡೆಯುವುದು ಸಂಜೆ, ಬಿಸಿಲು ವೈರಸ್ ಕೊಲ್ಲುತ್ತದೆ. ಸ್ವಲ್ಪ ಬೆಲ್ಲ ಬೆರೆಸಿ.

ಆ ರೈತರ ಕಾಯಲ್ಲಿದ್ದ ಹುಳ ಆಗಲೇ ಬೆಳೆದುಬಿಟ್ಟಿತ್ತು. ಕಾಯಿಯೊಳಗೆ ತಲೆ ಹಾಕಿದ ಮೇಲೆ ಎಲೆ ಮೇಲಿನ ವೈರಸ್ ಅದರ ಬಾಯಿಗೇ ಹೋಗುವುದಿಲ್ಲ. ಮುಂದಿನ ಬೆಳೆಗೆ ಹೂ ಬಿಡುವಾಗಲೇ ತುದಿ ಎಲೆಯಲ್ಲಿ ಮೊಟ್ಟೆ ಹುಡುಕುತ್ತಾರಂತೆ. ಅವತ್ತು ಕ್ಯಾಮೆರಾ ತಗೊಂಡು ನಾನೂ ಹೋಗುತ್ತೇನೆ.