ಬಾಯಿ ಹಾಕದ ಕೋಡ್ ಕಂಪ್ಲೀಷನ್: ನನ್ನ ಟೂಲ್ ಈಗ ಓಪನ್ ಸೋರ್ಸ್

ನಮಸ್ಕಾರ. ಬಿಡುವಿದ್ದಾಗ ಕೂತು ಬರೆಯುತ್ತಿದ್ದ ಕೋಡ್ ಕಂಪ್ಲೀಷನ್ ಟೂಲ್, ಅಂದರೆ ಕೋಡ್ ಬರೆಯುವಾಗ ಮುಂದೇನು ಅಂತ ಊಹಿಸಿ ತೋರಿಸುವ ಟೂಲ್, ಇವತ್ತು ಹೊರಗೆ ಬಂತು. ಇಷ್ಟು ದಿನ ಅದರ ಕೋಡ್ ಇಟ್ಟಿರುವ ರೆಪೊ ಪ್ರೈವೇಟ್ ಆಗಿತ್ತು. ಸ್ಕ್ರೀನ್ ಮೇಲೆ ಕಾಣುತ್ತಿದೆಯಲ್ಲ, ಆ ಬಟನ್ ಒತ್ತಿದೆ, ಪಬ್ಲಿಕ್ ಆಯಿತು. ಲಿಂಕ್ ಕೆಳಗಿದೆ.

"ಇನ್ನೊಂದಾ?" ಅಂತ ಕೇಳುತ್ತೀರಿ, ಗೊತ್ತು. ಇದೇ ಕೆಲಸ ಮಾಡುವ ಗಿಟ್‌ಹಬ್ ಕೋಪೈಲಟ್ 2021ರಲ್ಲೇ ಬಂತು. ಆಮೇಲೆ ಬಂದವುಗಳಿಗೆ ಲೆಕ್ಕವೇ ಇಲ್ಲ. ನನ್ನ ತಕರಾರು ಒಂದೇ: ಇವು ಮಾತಿನ ನಡುವೆ ಬಾಯಿ ಹಾಕುವ ನೆಂಟರ ಥರ. ವೇರಿಯೇಬಲ್‌ಗೆ ಏನು ಹೆಸರಿಡಲಿ ಅಂತ ಒಂದು ಗಳಿಗೆ ಕೈ ನಿಲ್ಲಿಸಿದರೆ ಸಾಕು, ಹತ್ತು ಸಾಲು ಬೂದು ಅಕ್ಷರ ಪ್ರತ್ಯಕ್ಷ. ಬೇಡ ಅನ್ನಬೇಕಾದರೂ ಮೊದಲು ಓದಬೇಕು. ಅಷ್ಟರಲ್ಲಿ ನಾನು ಏನು ಯೋಚಿಸುತ್ತಿದ್ದೆ ಅನ್ನುವುದೇ ಹಾರಿಹೋಗಿರುತ್ತದೆ. ನನಗೆ ಬೇಕಿದ್ದದ್ದು ಸುಮ್ಮನಿರಲು ಗೊತ್ತಿರುವ ಟೂಲ್.

ಒಳಗೆ ಏನು ನಡೆಯುತ್ತದೆ, ನೋಡೋಣ. ಈ ಫಂಕ್ಷನ್ ನೋಡಿ. ಮೇಲೆ ಹೆಸರು, ಕೆಳಗೆ ರಿಟರ್ನ್ ಟೋಟಲ್, ನಡುವೆ ಖಾಲಿ. ಕರ್ಸರ್ ಆ ಖಾಲಿ ಜಾಗದಲ್ಲಿದೆ. ಮೇಲಿನದನ್ನು ಮಾತ್ರ ಓದುವ ಮಾಡೆಲ್‌ಗೆ (ಕೋಡ್ ಊಹಿಸುವ ಎಐಗೆ) ಕೆಳಗೆ ಟೋಟಲ್ ಕಾಯುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಇದಕ್ಕೆ ಫಿಲ್ ಇನ್ ದ ಮಿಡಲ್ ಅನ್ನುವ ಒಂದು ಸರಳ ಉಪಾಯ ಇದೆ. ಓಪನ್‌ಎಐ ಸಂಶೋಧಕರು 2022ರಲ್ಲಿ ಇದರ ಬಗ್ಗೆ ಪೇಪರ್ ಬರೆದರು. ಟ್ರೈನಿಂಗ್‌ನಲ್ಲಿ ಫೈಲನ್ನು ಮೂರು ತುಂಡು ಮಾಡಿ, ನಡುವಿನ ತುಂಡನ್ನು ಕೊನೆಗೆ ಇಡುತ್ತಾರೆ. ಯಾವುದು ಯಾವ ತುಂಡು ಅನ್ನಲು ವಿಶೇಷ ಟೋಕನ್‌ಗಳಿರುತ್ತವೆ (ಟೋಕನ್ ಅಂದರೆ ಮಾಡೆಲ್ ಓದುವ, ಬರೆಯುವ ಪಠ್ಯದ ಚಿಕ್ಕ ತುಣುಕು). ಮಾಡೆಲ್ ಎಂದಿನಂತೆ ಮುಂದಿನ ಟೋಕನ್ನನ್ನೇ ಊಹಿಸುತ್ತದೆ, ಆದರೆ ಈಗ ಮೇಲಿನದು, ಕೆಳಗಿನದು ಎರಡನ್ನೂ ಓದಿ ಆಗಿರುತ್ತದೆ. ಫಿಲ್ ಇನ್ ದ ಮಿಡಲ್ ಅಂದರೆ ಇಷ್ಟೇ.

ಮಾಡೆಲ್ ನಾನು ಮಾಡಿದ್ದಲ್ಲ. ಕ್ವೆನ್ 2.5 ಕೋಡರ್ ಸರಣಿಯ 150 ಕೋಟಿ ಪ್ಯಾರಾಮೀಟರ್‌ನ (ಮಾಡೆಲ್ ಕಲಿತ ಸಂಖ್ಯೆಗಳ) ಚಿಕ್ಕ ಮಾಡೆಲ್ ತೆಗೆದುಕೊಂಡಿದ್ದೇನೆ. ಪ್ರತಿ ಸಂಖ್ಯೆಯನ್ನು 16 ಬಿಟ್‌ನಲ್ಲಿ ಇಟ್ಟರೆ 3 ಜಿಬಿ ಆಗುತ್ತದೆ. 4 ಬಿಟ್‌ಗೆ ಇಳಿಸಿದರೆ ಸುಮಾರು 1 ಜಿಬಿ. ಮಾಡೆಲ್‌ಗಳನ್ನು ಓಡಿಸುವ ಲಾಮಾ ಸಿಪಿಪಿ ಪ್ರೋಗ್ರಾಂ ಮೂಲಕ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ, ಕೋಡ್ ಎಲ್ಲಿಗೂ ಹೋಗುವುದಿಲ್ಲ. ಮಾಡೆಲ್ ಬದಲಾಯಿಸುವವರಿಗೆ ಒಂದು ಮಾತು: ಬೇಸ್ ಮಾಡೆಲ್ಲೇ ಹಾಕಿ, ಅಂದರೆ ಚಾಟ್‌ಗೆ ಪಳಗಿಸದೆ ಇರುವುದು. ಚಾಟ್‌ಗೆ ಪಳಗಿಸಿದ್ದಕ್ಕೆ ಅರ್ಧ ಸಾಲು ಕೊಟ್ಟರೆ, "ಖಂಡಿತ, ಇಗೋ ನಿಮ್ಮ ಕೋಡ್" ಅಂತ ಪೀಠಿಕೆ ಶುರು ಮಾಡಿಬಿಡಬಹುದು!

ಇನ್ನು ವೇಗ. ನನ್ನ ಸಮಯ ಜಾಸ್ತಿ ಹೋಗಿದ್ದು ಇಲ್ಲೇ. ಪ್ರತಿ ಅಕ್ಷರಕ್ಕೂ ಮಾಡೆಲ್‌ಗೆ ಕೇಳಿದರೆ ಲ್ಯಾಪ್‌ಟಾಪ್ ಫ್ಯಾನ್ ಕೂಗುತ್ತದೆ. ಅದಕ್ಕೇ ಕೈ ನಿಂತು 150 ಮಿಲಿಸೆಕೆಂಡ್ ಆಗುವವರೆಗೆ ಟೂಲ್ ಕಾಯುತ್ತದೆ. ಅಷ್ಟರಲ್ಲಿ ಇನ್ನೊಂದು ಅಕ್ಷರ ಒತ್ತಿದರೆ ಹಳೆಯ ರಿಕ್ವೆಸ್ಟ್ ರದ್ದು. ಬೂದು ಅಕ್ಷರದಲ್ಲಿ ತೋರಿಸಿದ್ದನ್ನೇ ನೀವು ಟೈಪ್ ಮಾಡುತ್ತಾ ಹೋದರೆ ಮತ್ತೆ ಕೇಳುವುದೇ ಇಲ್ಲ, ತೋರಿಸಿದ್ದರ ಶುರುವಿನಿಂದ ಒಂದೊಂದೇ ಅಕ್ಷರ ಕತ್ತರಿಸುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಕ್ಯಾಶ್. ಮಾಡೆಲ್ ಒಮ್ಮೆ ಓದಿದ್ದರ ಲೆಕ್ಕವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬಹುದು. ಮುಂದಿನ ಸಲ ಶುರುವಿನ ಭಾಗ ಹಾಗೇ ಇದ್ದರೆ ಅದನ್ನು ಮತ್ತೆ ಓದುವ ಕೆಲಸ ತಪ್ಪುತ್ತದೆ. ಆದರೆ ಫೈಲ್ ದೊಡ್ಡದಿದ್ದರೆ ಪೂರ್ತಿ ಕಳಿಸಲು ಆಗುವುದಿಲ್ಲ, ಕರ್ಸರ್‌ಗೆ ಹತ್ತಿರದ ಇಷ್ಟು ಸಾಲು ಅಂತ ಕತ್ತರಿಸಬೇಕು. ನೀವು ಒಂದು ಸಾಲು ಕೆಳಗೆ ಹೋದಾಗ ಮೇಲಿನಿಂದ ಒಂದು ಸಾಲು ಬಿಟ್ಟರೆ ಏನಾಗುತ್ತದೆ? ಮೊದಲ ಟೋಕನ್ನೇ ಬೇರೆಯಾಯಿತು. ಕ್ಯಾಶ್ ಪೂರ್ತಿ ವ್ಯರ್ಥ, ಎಲ್ಲ ಮೊದಲಿನಿಂದ. ಅದಕ್ಕೇ ನನ್ನ ಟೂಲ್‌ನಲ್ಲಿ ಕತ್ತರಿಸುವ ಜಾಗ ಸಾಲು ಸಾಲಾಗಿ ಜರುಗುವುದಿಲ್ಲ. ತುಂಬಾ ಹೊತ್ತು ಒಂದೇ ಕಡೆ ನಿಂತಿರುತ್ತದೆ, ಆಮೇಲೆ ಒಮ್ಮೆಲೇ ದೊಡ್ಡ ಜಿಗಿತ. ಕೋಡ್‌ನಲ್ಲಿ ನಾಲ್ಕು ಸಾಲಿನ ಬದಲಾವಣೆ, ಅಷ್ಟೇ. ಎಡಗಡೆ ಮೊದಲಿನದು, ಬಲಗಡೆ ಈಗಿನದು. ವ್ಯತ್ಯಾಸ ಕಾಣುತ್ತಿದೆ ಅಲ್ವಾ?

ಈಗ ಸುಮ್ಮನಿರುವ ವಿಷಯ. ಮಾಡೆಲ್ ಕೊಡುವ ಪ್ರತಿ ಟೋಕನ್‌ಗೂ ಒಂದು ಸಂಭವನೀಯತೆ ಇರುತ್ತದೆ. ಮೊದಲ ಕೆಲವು ಟೋಕನ್‌ಗಳಲ್ಲೇ ಅದು ಕಡಿಮೆ ಇದ್ದರೆ ನನ್ನ ಟೂಲ್ ಏನನ್ನೂ ತೋರಿಸುವುದಿಲ್ಲ. ಪದದ ನಡುವೆ ಕರ್ಸರ್ ಇದ್ದರೂ ಇಲ್ಲ. ಕೆಳಗಿನ ಸಾಲಿನಲ್ಲಿ ಆಗಲೇ ಇರುವುದನ್ನೇ ಮಾಡೆಲ್ ಮತ್ತೆ ಬರೆದರೆ ಅದೂ ಕಸದ ಬುಟ್ಟಿಗೆ. ಮಾಮೂಲಾಗಿ ಒಂದೇ ಸಾಲು. ಹೊಸ ಬ್ಲಾಕ್ ಶುರುವಾಗುವ ಕಡೆ ಮಾತ್ರ ಜಾಸ್ತಿ. ಬ್ಲಾಕ್ ಎಲ್ಲಿ ಮುಗಿಯುತ್ತದೆ ಅಂತ ಕೋಡ್‌ನ ರಚನೆ ಬಿಡಿಸಿ ನೋಡುವ ಟ್ರೀ-ಸಿಟರ್ ಪಾರ್ಸರ್ ಹೇಳುತ್ತದೆ.

ತೋರಿಸಿದ್ದರಲ್ಲಿ ಎಷ್ಟನ್ನು ಜನ ಟ್ಯಾಬ್ ಒತ್ತಿ ಒಪ್ಪಿಕೊಂಡರು ಅಂತ ಅಳೆಯುವುದು ಈ ಕ್ಷೇತ್ರದಲ್ಲಿ ರೂಢಿ. ನನಗೆ ಆ ಲೆಕ್ಕದ ಮೇಲೆ ಅಷ್ಟು ನಂಬಿಕೆ ಇಲ್ಲ. ಟ್ಯಾಬ್ ಒತ್ತಿ, ಮರುಕ್ಷಣ ಅರ್ಧ ಅಳಿಸುವುದಿಲ್ಲವೇ ನಾವು? ಹಾಗಾಗಿ ಬಳಕೆಯ ಲೆಕ್ಕ ನನಗೆ ಕಳಿಸುವ ಟೆಲಿಮೆಟ್ರಿ ಹಾಕಲೇ ಇಲ್ಲ.

ಲೈಸೆನ್ಸ್ ಅಪಾಚೆ 2.0. ಎಂಐಟಿ ಲೈಸೆನ್ಸ್ ಇನ್ನೂ ಚಿಕ್ಕದು, ನಿಜ. ಆದರೆ ಅಪಾಚೆಯಲ್ಲಿ ಪೇಟೆಂಟ್ ಹಕ್ಕಿನ ಮಾತು ಬಿಡಿಸಿ ಬರೆದಿದೆ, ಕಂಪನಿಗಳಲ್ಲಿ ಬಳಸುವವರಿಗೆ ಅದರಿಂದ ಧೈರ್ಯ. ಮಾಡೆಲ್‌ನ ಲೈಸೆನ್ಸ್ ಬೇರೆ ವಿಷಯ, ಇವೆರಡನ್ನೂ ಬೆರೆಸಬೇಡಿ. ಉದಾಹರಣೆಗೆ 2023ರಲ್ಲಿ ಹಗ್ಗಿಂಗ್ ಫೇಸ್ ಮತ್ತು ಸರ್ವೀಸ್‌ನೌ ನಡೆಸಿದ ಬಿಗ್‌ಕೋಡ್ ಯೋಜನೆಯಿಂದ ಬಂದ ಸ್ಟಾರ್‌ಕೋಡರ್ ಮಾಡೆಲ್ಲನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಯಾವುದಕ್ಕೆ ಬಳಸಬಾರದು ಅಂತ ಅದರ ಲೈಸೆನ್ಸ್‌ನಲ್ಲಿ ಷರತ್ತುಗಳಿವೆ. ಓಪನ್ ಸೋರ್ಸ್ ವ್ಯಾಖ್ಯೆ ಅಂಥ ಷರತ್ತು ಒಪ್ಪುವುದಿಲ್ಲ. ನಾನು ಬಳಸಿದ ಮಾಡೆಲ್ ಅಪಾಚೆಯಲ್ಲೇ ಇದೆ, ಆದರೂ ಅದನ್ನು ಓಪನ್ ವೆಯ್ಟ್ (ಪ್ಯಾರಾಮೀಟರ್‌ಗಳು ಮಾತ್ರ ಮುಕ್ತ) ಅಂತಲೇ ಕರೆಯುತ್ತೇನೆ. ಯಾಕೆಂದರೆ ಟ್ರೈನ್ ಮಾಡಿದ ಡೇಟಾ ನಮ್ಮ ಕೈಗೆ ಸಿಕ್ಕಿಲ್ಲ.

ಪಬ್ಲಿಕ್ ಮಾಡುವ ಮೊದಲು ಗಿಟ್ ಹಿಸ್ಟರಿ (ಕೋಡ್‌ನ ಹಳೆಯ ಬದಲಾವಣೆಗಳ ದಾಖಲೆ) ಪೂರ್ತಿ ಜಾಲಾಡಿದೆ. ಫೈಲ್ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಪಾಸ್‌ವರ್ಡ್, ಕೀ ಎಲ್ಲ ಹಾಗೇ ಕೂತಿರುತ್ತವೆ. ಟೂಲ್ ಕೂಡ ಪಾಸ್‌ವರ್ಡ್, ಕೀ ಇಡುವ ಎನ್ವಿರಾನ್‌ಮೆಂಟ್ ಫೈಲ್‌ಗಳನ್ನು ಓದದಂತೆ ತಡೆದಿದ್ದೇನೆ. ಟೂಲ್‌ನ ಎಕ್ಸ್‌ಟೆನ್ಷನ್ ವಿಎಸ್ ಕೋಡ್ ಎಡಿಟರ್‌ನ ಮಾರ್ಕೆಟ್‌ಪ್ಲೇಸ್‌ನಲ್ಲೂ ಇದೆ, ಓಪನ್ ವಿಎಸ್ಎಕ್ಸ್‌ನಲ್ಲೂ ಇದೆ. ವಿಎಸ್ ಕೋಡ್‌ನ ಓಪನ್ ಸೋರ್ಸ್ ಆವೃತ್ತಿ ವಿಎಸ್‌ಕೋಡಿಯಂ ಬಳಸುವವರು ಎರಡನೆಯದರಿಂದ ಹಾಕಿಕೊಳ್ಳಿ.

ಪುಲ್ ರಿಕ್ವೆಸ್ಟ್‌ಗಿಂತ (ನೀವು ಕಳಿಸುವ ಕೋಡ್ ಬದಲಾವಣೆಗಿಂತ) ಮೊದಲು ನನಗೆ ಬೇಕಿರುವುದು ಟೆಸ್ಟ್‌ಗಳು. ಇದು ಎಲ್ಲಿ ಸುಮ್ಮನಿರಬೇಕಿತ್ತೋ ಅಲ್ಲಿ ಬಾಯಿ ಹಾಕಿದರೆ, ಕರ್ಸರ್‌ನ ಮೇಲಿನ ಕೆಲವು ಸಾಲು, ಕೆಳಗಿನ ಕೆಲವು ಸಾಲು ರೆಪೊದ ಇಶ್ಯೂನಲ್ಲಿ (ದೂರು ಬರೆಯುವ ಜಾಗ) ಹಾಕಿ. ಬರಬೇಕಾದ ಉತ್ತರ ಅನ್ನುವ ಕಡೆ ಖಾಲಿ ಬಿಡಿ. ಅದೇ ಒಂದು ಟೆಸ್ಟ್ ಆಗುತ್ತದೆ. ಕಂಪನಿಯ ಕೋಡ್ ಮಾತ್ರ ಅಂಟಿಸಬೇಡಿ, ಇಶ್ಯೂಗಳು ಎಲ್ಲರಿಗೂ ಕಾಣುತ್ತವೆ.